ಮಗುವಿನ ಒಣ ಚರ್ಮ, ಕೆಂಪು ಗುಳ್ಳೆ: ನಾಪೋಕ್ಲಿನ ತಂಗಿಗೆ ಉತ್ತರ

ತಂಗಿ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಮೂರೂವರೆ ತಿಂಗಳ ಮಗು. ಡಿಸೆಂಬರ್ ಚಳಿ ಶುರುವಾದ ಮೇಲೆ ಎರಡೂ ಕೆನ್ನೆ ಒರಟಾಗಿ ಕೆಂಪಾಗಿದೆ. ಕೈಕಾಲಲ್ಲಿ ಬಿಳಿ ಹೊಟ್ಟು ಏಳುತ್ತಿದೆ. ಕತ್ತು, ಎದೆ ಮೇಲೆ ಸಣ್ಣ ಗುಳ್ಳೆ. ಅತ್ತೆ ದಿನಾ ಹಂಡೆಯ ಬಿಸಿನೀರಲ್ಲಿ ಕಡಲೆಹಿಟ್ಟು ಹಚ್ಚಿ ಎರೆಯುತ್ತಾರೆ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ತಂದಿಟ್ಟಿದ್ದೀರಿ, ಹಚ್ಚಬಹುದಾ ಅಂತ ಕೇಳಿದ್ದೀರಿ. ಇದು ಕಾಫಿ ಬೆಳೆಗಾರರ ಗುಂಪಾದರೂ ಕೇಳಿದ್ದು ಒಳ್ಳೆಯದಾಯಿತು. ನಾನು ಡಾಕ್ಟರ್ ಅಲ್ಲ. ನಮ್ಮ ಕೊಡಗಿನಲ್ಲೇ, ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದವಳು. ದೊಡ್ಡವನಿಗೆ ಮೂರು ವರ್ಷದವರೆಗೂ ಇಸುಬು (ಎಕ್ಸಿಮಾ) ಇತ್ತು. ಆಗ ಕಲಿತದ್ದನ್ನು ಬರೆಯುತ್ತೇನೆ.

ಮೊದಲು ಆ ಕ್ರೀಮ್ ವಿಷಯ. ಹಚ್ಚಬೇಡಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತಿದ್ದರೆ ಅದು ಜೋರು ಸ್ಟೀರಾಯ್ಡ್. ಎಷ್ಟೋ ಕ್ರೀಮ್‌ಗಳಲ್ಲಿ ಇದರ ಜೊತೆ ಹುಳುಕಡ್ಡಿ ಔಷಧಿ, ಆಂಟಿಬಯೋಟಿಕ್ ಎಲ್ಲ ಸೇರಿಸಿರುತ್ತಾರೆ. ನನ್ನ ಮಗನಿಗೆ ಒಂದು ಅಂಗಡಿಯಲ್ಲಿ ಕೊಟ್ಟಿದ್ದೂ ಅಂಥದ್ದೇ. ಎರಡು ದಿನದಲ್ಲಿ ಕೆನ್ನೆ ಹಾಲಿನ ಹಾಗೆ ಆಯಿತು. ಬಿಟ್ಟ ಒಂದು ವಾರಕ್ಕೆ ಮೊದಲಿಗಿಂತ ಕೆಂಪು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ಹೀಗೇ ತಿಂಗಳು ಕಳೆಯಿತು. ಒಂದು ದಿನ ಕಿಟಕಿ ಬೆಳಕಲ್ಲಿ ನೋಡುತ್ತೇನೆ, ಕೆನ್ನೆ ಚರ್ಮ ತೆಳ್ಳಗಾಗಿ ಒಳಗಿನ ಕೆಂಪು ರಕ್ತನಾಳಗಳು ದಾರದ ಹಾಗೆ ಕಾಣುತ್ತಿವೆ. ಆ ಹೊತ್ತಿನ ಭಯ ಇನ್ನೂ ಮರೆತಿಲ್ಲ. ಮಕ್ಕಳ ಚರ್ಮ ತೆಳು, ಹಚ್ಚಿದ್ದು ಒಳಗೂ ಬೇಗ ಹೋಗುತ್ತದೆ. ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂತಲೂ ತಿಳಿಯಬೇಡಿ. ಆಮೇಲೆ ಮಕ್ಕಳ ಡಾಕ್ಟರೇ ಮಗುವಿಗೆ ಆಗುವ ಸೌಮ್ಯವಾದದ್ದನ್ನು ಲೆಕ್ಕ ಹಾಕಿ ಐದು ದಿನಕ್ಕೆ ಕೊಟ್ಟರು. ಅದು ಕೆಲಸ ಮಾಡಿತು. ಯಾವುದು, ಎಲ್ಲಿಗೆ, ಎಷ್ಟು ದಿನ ಅನ್ನೋದು ಅವರೇ ಹೇಳಬೇಕು.

ಈಗ ಸ್ನಾನಕ್ಕೆ ಬರೋಣ. ನಿಮ್ಮ ಮಗುವಿನ ಕೆನ್ನೆ, ಕೈಕಾಲಿನ ತೊಂದರೆ ಅರ್ಧ ಇಲ್ಲೇ ಇದೆ ಅಂತ ನನಗನಿಸುತ್ತದೆ. ಚರ್ಮದ ಮೇಲ್ಪದರದಲ್ಲಿ ಜಿಡ್ಡಿರುತ್ತದೆ, ಒಳಗಿನ ನೀರು ಆರದ ಹಾಗೆ ಅದು ಹಿಡಿದಿಡುತ್ತದೆ. ಮಕ್ಕಳಲ್ಲಿ ಆ ಪದರ ತೆಳು. ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ, ದೊಡ್ಡವರ ತುಟಿಯೇ ಒಡೆಯುತ್ತದೆ. ಅದರ ಮೇಲೆ ಸುಡುನೀರು ಸುರಿದರೆ, ಹಿಟ್ಟು ಹಚ್ಚಿ ಉಜ್ಜಿದರೆ ಇದ್ದ ಜಿಡ್ಡೂ ಹೋಗುತ್ತದೆ. ಕಡಲೆಹಿಟ್ಟಿನ ಕಾಳು ಕೈಗೆ ನುಣ್ಣಗೆ ಅನಿಸಿದರೂ ಆ ಕೆನ್ನೆಗೆ ಮರಳೇ. ಸೋಪಿನದ್ದೂ ಇದೇ ಕಥೆ. ತೋಟದ ಮಣ್ಣು ಪರೀಕ್ಷೆಗೆ ಕೊಡುವ ನಮಗೆ ಪಿಎಚ್ ಅಂದರೆ ಗೊತ್ತು ಅಲ್ವಾ? ಚರ್ಮದ ಪಿಎಚ್ ಸುಮಾರು 5.5, ಸ್ವಲ್ಪ ಹುಳಿ. ಸಾಮಾನ್ಯ ಸೋಪು 9-10 ಇರುತ್ತದೆ, ಅಂದರೆ ಕ್ಷಾರ. ಹುಳಿ ಮಣ್ಣಿಗೆ ದಿನಾ ಸುಣ್ಣ ಹಾಕಿದ ಹಾಗಾಗುತ್ತದೆ.

ಆದ್ದರಿಂದ ಹೀಗೆ ಮಾಡಿ. ನೀರು ಉಗುರುಬೆಚ್ಚಗಿರಲಿ, ಸುಮಾರು 37 ಡಿಗ್ರಿ. ಒಲೆ ಮುಂದೆ ದುಡಿದ ಕೈಗೆ ಬಿಸಿ ಗೊತ್ತಾಗುವುದಿಲ್ಲ. ಮೊಣಕೈ ಅದ್ದಿ ನೋಡಿ, ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನಿಸಬೇಕು. ಐದು ನಿಮಿಷ ಸಾಕು, ಹತ್ತು ದಾಟಬೇಡಿ. ಚಳಿಗಾಲದಲ್ಲಿ ದಿನ ಬಿಟ್ಟು ದಿನ ಎರೆದರೂ ಏನೂ ಆಗುವುದಿಲ್ಲ. ಮಧ್ಯದ ದಿನ ಮುಖ, ಕತ್ತು, ಕಂಕುಳು, ತೊಡೆಸಂದು ಒರೆಸಿ. ಹಿಟ್ಟು ಬೇಡ, ಸೀಗೆಪುಡಿ ಬೇಡ, ಅರಿಶಿನ ಬೇಡ. ಕೊಳೆ ಇರುವ ಕಡೆಗೆ ಮಾತ್ರ ವಾಸನೆ ಇಲ್ಲದ ಸೌಮ್ಯವಾದ ಬೇಬಿ ವಾಶ್ ಒಂದು ಚೂರು. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಸಾಂಬ್ರಾಣಿ ಹೊಗೆಯನ್ನೂ ಬಿಡಿ, ಅದು ಮಗುವಿನ ಉಸಿರಿಗೆ ಒಳ್ಳೆಯದಲ್ಲ. ಅತ್ತೆಗೆ ಹೇಳುವುದು ಕಷ್ಟ, ನನಗೂ ಗೊತ್ತು. ಅವರು ಪ್ರೀತಿಯಿಂದಲೇ ಮಾಡುತ್ತಿರುವುದು. "ಎರೆಯೋದು ನೀವೇ ಎರೆಯಿರಿ ಅತ್ತೆ, ನೀರು ಮಾತ್ರ ನಾನು ಹದ ಮಾಡಿ ಕೊಡ್ತೀನಿ" ಅಂತ ನಾನು ಕೇಳಿಕೊಂಡೆ. ಅವರು ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡು ಎರೆದರು, ನಾನು ಪಕ್ಕದಲ್ಲಿ ಟವೆಲ್ ಹಿಡಿದು ಕೂತೆ. ಹಾಗೇ ನಡೆಯಿತು.

ಟವೆಲ್ ಹಿಡಿದು ಕೂತಿದ್ದಕ್ಕೆ ಕಾರಣ ಇದೆ. ಸ್ನಾನ ಮುಗಿದ ಮೂರು ನಿಮಿಷದೊಳಗೆ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಜಿಡ್ಡು ಹಚ್ಚಬೇಕು. ಆ ಒದ್ದೆಯೇ ಒಳಗೆ ಉಳಿಯಬೇಕಾದ ನೀರು. ಪೂರ್ತಿ ಒಣಗಿಸಿ, ಬಟ್ಟೆ ಹಾಕಿ, ಹಾಲು ಕುಡಿಸಿ ಆಮೇಲೆ ಹಚ್ಚಿದರೆ ಅರ್ಧ ಲಾಭವೂ ಇಲ್ಲ. ಸ್ನಾನಕ್ಕೆ ಮುಂಚೆ ಎಣ್ಣೆ ಹಚ್ಚಿ ಹಿಟ್ಟಿನಲ್ಲಿ ತೆಗೆಯುವ ನಮ್ಮ ಪದ್ಧತಿಯಲ್ಲಿ ಮೈ ಮೇಲೆ ಕೊನೆಗೆ ಏನೂ ಉಳಿಯುವುದಿಲ್ಲ. ಎಣ್ಣೆ ಸ್ನಾನದ ನಂತರಕ್ಕೆ ಬರಲಿ.

ಏನು ಹಚ್ಚುವುದು? ದುಬಾರಿಯದ್ದೇನೂ ಬೇಡ. ವಾಸನೆ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ಒಳ್ಳೆಯ ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಸುವಾಸನೆ ಸೇರಿಸಿದ ತಲೆಗೆ ಹಚ್ಚುವ ಎಣ್ಣೆಯಲ್ಲ. ತೀರಾ ಒರಟಾದ ಕಡೆಗೆ ಜೆಲ್ಲಿಯೇ ಮೇಲು. ಆಲಿವ್ ಎಣ್ಣೆಯನ್ನು ಕೆಲವರು ಹೇಳುತ್ತಾರೆ, ಅದರಲ್ಲಿ ಓಲೀಕ್ ಆಸಿಡ್ ಜಾಸ್ತಿ, ಚರ್ಮದ ತಡೆಗೋಡೆಯನ್ನೇ ಸಡಿಲ ಮಾಡುತ್ತದೆ. ಸಾಸಿವೆ ಎಣ್ಣೆಯೂ ಬೇಡ. ದಿನಕ್ಕೆ ಮೂರು ಸಲ ಹಚ್ಚಿ, ಮೈ ಮಿಂಚುವಷ್ಟು. ಡಬ್ಬಿಯಿಂದ ನೇರ ಬೆರಳಲ್ಲಿ ತೆಗೆಯದೆ ಶುದ್ಧ ಚಮಚದಲ್ಲಿ ತೆಗೆದರೆ ಒಳಗೆ ಕೊಳೆ ಸೇರುವುದಿಲ್ಲ. ಕೆನ್ನೆಗೆ ಹಾಲು ಕುಡಿಸುವ ಮುಂಚೆಯೂ ಒಂದು ತೆಳು ಪದರ ಇರಲಿ. ಜೊಲ್ಲು, ಹಾಲು ತಾಗಿ ತಾಗಿಯೇ ಅಲ್ಲಿ ಕೆಂಪು ಜಾಸ್ತಿಯಾಗುವುದು. ಜೊಲ್ಲನ್ನು ಸೆರಗಿನಲ್ಲಿ ಎಳೆದು ಒರೆಸಬೇಡಿ, ಒದ್ದೆ ಹತ್ತಿಬಟ್ಟೆಯಲ್ಲಿ ಒತ್ತಿ. ಉಗುರನ್ನೂ ಚಿಕ್ಕದಾಗಿ ಇಟ್ಟಿರಿ, ಮಗು ಕೆನ್ನೆ ಕೆರೆದುಕೊಂಡರೆ ಗಾಯ ಆಗುತ್ತದೆ.

ಕತ್ತು, ಎದೆಯ ಗುಳ್ಳೆ ಮಾತ್ರ ಬೇರೆ ಇರಬಹುದು. ನಮ್ಮಲ್ಲಿ ಚಳಿ ಅಂತ ಬನಿಯನ್, ಫ್ರಾಕ್, ಉಣ್ಣೆ ಸ್ವೆಟರ್, ಟೋಪಿ, ಮೇಲೆ ಕಂಬಳಿ ಹಾಕುತ್ತೇವೆ. ಮಧ್ಯಾಹ್ನ ಬಿಸಿಲು ಏರಿದರೂ ಒಂದೂ ತೆಗೆಯುವುದಿಲ್ಲ. ಹಾಗೆ ಬೆವರು ಕಟ್ಟಿ ಏಳುವುದು ಬೆವರುಸಾಲೆ. ಬೇಸಿಗೆಯಲ್ಲೇ ಬರಬೇಕು ಅಂತಿಲ್ಲ. ಮಗುವಿನ ಬೆನ್ನಿನ ಮೇಲೆ, ಕತ್ತಿನ ಕೆಳಗೆ ಕೈ ಇಟ್ಟು ನೋಡಿ. ಅಲ್ಲಿ ತೇವ, ಬಿಸಿ ಇದ್ದರೆ ಬಟ್ಟೆ ಜಾಸ್ತಿ ಆಗಿದೆ. ಕೈಬೆರಳು ತಣ್ಣಗಿದ್ದರೆ ಹೆದರಬೇಡಿ, ಮಕ್ಕಳ ಬೆರಳು ಹಾಗೇ ಇರುತ್ತದೆ. ನಿಮಗಿಂತ ಒಂದು ಪದರ ಜಾಸ್ತಿ ಇದ್ದರೆ ಸಾಕು, ಮೈಗೆ ತಾಗುವುದು ಹತ್ತಿಯದೇ ಇರಲಿ. ಗುಳ್ಳೆ ಇರುವ ಕಡೆ ಜೆಲ್ಲಿ ದಪ್ಪಗೆ ಹಚ್ಚಬೇಡಿ, ಬೆವರು ಕಟ್ಟಿಕೊಳ್ಳುತ್ತದೆ. ಪೌಡರ್ ಅಂತೂ ಬೇಡವೇ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕತ್ತಿನ ಮಡಿಕೆ ಬಿಡಿಸಿ ನೋಡಿ. ಅಲ್ಲಿ ಹಾಲು ಇಳಿದು ಮೊಸರಾಗಿ ಹುಳಿ ವಾಸನೆ ಬರುತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಗೆ ಆರಲು ಬಿಡಿ. ಕತ್ತಿನ ಕರಿದಾರ, ಸೊಂಟದ ಉಡಿದಾರ ಒದ್ದೆಯಾಗಿಯೇ ಇದ್ದರೆ ಅದರ ಕೆಳಗೂ ಹೀಗೆ ಕೆಂಪಾಗುತ್ತದೆ. ಚರ್ಮ ವಾಸಿಯಾಗುವವರೆಗೆ ಬಿಚ್ಚಿಡಿ.

ಇನ್ನೊಂದು, ತೋಟದ ಮನೆಯವರು ಮರೆಯುವ ವಿಷಯ: ಬಟ್ಟೆ ಒಣಗಿಸುವ ಜಾಗ. ನನ್ನ ಎರಡನೆಯವಳಿಗೆ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಬೆನ್ನು ತುಂಬ ದದ್ದು ಎದ್ದಿತು. ಅತ್ತು ಅತ್ತು ನೀಲಿಯಾದಳು. ಅವತ್ತು ಹಾಕಿದ್ದು ಬೇಲಿ ಮೇಲೆ ಒಣಗಿದ ಅಂಗಿ. ಕನ್ನಡಕ ಹಾಕಿ ಅಂಗಿಯನ್ನು ಬಿಸಿಲಿಗೆ ಹಿಡಿದರೆ ಒಳಭಾಗದಲ್ಲಿ ಸೂಜಿ ತುದಿಯಂಥ ಸಣ್ಣ ಕೂದಲು. ಕಂಬಳಿಹುಳ ನಡೆದು ಹೋಗಿತ್ತು. ಅಂಟುವ ಟೇಪನ್ನು ಚರ್ಮಕ್ಕೆ ಮೆಲ್ಲಗೆ ತಾಗಿಸಿ ಎತ್ತಿದರೆ ಆ ಕೂದಲು ಬರುತ್ತದೆ, ಕೈಯಲ್ಲಿ ಉಜ್ಜಿದರೆ ಇನ್ನೂ ಒಳಗೆ ಹೋಗುತ್ತದೆ. ಅವತ್ತಿನಿಂದ ಮಗುವಿನ ಬಟ್ಟೆ ಬೇಲಿ, ಕಾಫಿ ಗಿಡದ ಮೇಲೆ ಹಾಕಲೇ ಇಲ್ಲ. ಮನೆಯ ಪಡಸಾಲೆಯಲ್ಲಿ ತಂತಿ ಕಟ್ಟಿ, ತೊಡಿಸುವ ಮುಂಚೆ ಒಳಗು ಹೊರಗು ಮಾಡಿ ಕೊಡವಿ. ಸೋಪಿನ ಪುಡಿ ಕಡಿಮೆ ಹಾಕಿ, ಎರಡು ಸಲ ಜಾಲಿಸಿ. ತೋಟದಿಂದ ಬಂದವರು, ಅದರಲ್ಲೂ ಔಷಧಿ ಹೊಡೆದವರು, ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಲಿ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ, ಸುಣ್ಣ. ದೊಡ್ಡವರ ಕೈಯನ್ನೇ ಉರಿಸುತ್ತದೆ.

ಚಳಿಗೆ ಕೆಂಡದ ಬಾಣಲೆ ಪಕ್ಕ ಮಗುವನ್ನು ಮಲಗಿಸುವವರಿಗೆ ಒಂದು ಮಾತು. ಜೆಲ್ಲಿ, ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಡೈಪರ್ ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಮಳೆಗಾಲ ಬಂದಾಗ ಬೇಕಾಗುತ್ತದೆ. ಉಬ್ಬಿದ ಭಾಗ ಕೆಂಪಾಗಿ ಸಂದು ಚೆನ್ನಾಗಿದ್ದರೆ ಅದು ಒದ್ದೆ ತಾಗಿ ಆದದ್ದು. ಬೇಗ ಬೇಗ ಬದಲಿಸಿ, ಗಾಳಿಗೆ ಬಿಡಿ, ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಹಚ್ಚಿ. ಸಂದಿನೊಳಗೇ ಗಾಢ ಕೆಂಪು, ಸುತ್ತ ಚುಕ್ಕಿ ಚುಕ್ಕಿ ಇದ್ದರೆ ಅದು ಬೂಷ್ಟಿನದ್ದು. ಅದಕ್ಕೆ ಬೇರೆ ಔಷಧಿ, ಡಾಕ್ಟರಿಗೆ ತೋರಿಸಿ.

ಕುಯ್ಲಿನ ಸಮಯ, ಮನೆಯಲ್ಲಿ ಜನ ಜಾಸ್ತಿ. ದೊಡ್ಡವರು ಯಾರಾದರೂ ರಾತ್ರಿ ಹೊತ್ತು ಬೆರಳ ಸಂದು, ಸೊಂಟ ತುರಿಸಿಕೊಳ್ಳುತ್ತಿದ್ದಾರಾ ಗಮನಿಸಿ. ಮಗುವಿನ ಅಂಗೈ, ಅಂಗಾಲಲ್ಲೂ ಗುಳ್ಳೆ ಇದ್ದರೆ ತುರಿಕಜ್ಜಿ ಇರಬಹುದು. ಅದಕ್ಕೆ ಎಷ್ಟು ಜೆಲ್ಲಿ ಹಚ್ಚಿದರೂ ಹೋಗುವುದಿಲ್ಲ. ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬಾಣಂತಿ ಮೀನು, ಮೊಟ್ಟೆ ತಿಂದಿದ್ದಕ್ಕೇ ಮಗುವಿಗೆ ಹೀಗಾಯಿತು ಅಂತ ಯಾರಾದರೂ ಹೇಳಿದರೆ ಸುಮ್ನೆ ಊಟ ಬಿಡಬೇಡಿ. ಡಾಕ್ಟರ್ ಹೇಳದೆ ಪಥ್ಯ ಮಾಡಿದರೆ ಸೊರಗುವುದು ನೀವು. ಆರು ತಿಂಗಳು ತುಂಬುವವರೆಗೆ ಎದೆಹಾಲೇ ಇರಲಿ.

ಈಗ ಕಾಯದೆ ಆಸ್ಪತ್ರೆಗೆ ಓಡಬೇಕಾದ ಹೊತ್ತು ಯಾವುದು ಅಂತ ಬರೆಯುತ್ತೇನೆ, ಇದನ್ನು ಅತ್ತೆಗೂ ಓದಿ ಹೇಳಿ. ದದ್ದಿನ ಜೊತೆ ಜ್ವರ ಬಂದರೆ, ಮೂರು ತಿಂಗಳಿಗಿಂತ ಚಿಕ್ಕ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ದದ್ದು ಇರಲಿ ಬಿಡಲಿ. ಮಗು ಹಾಲು ಎಳೆಯದೆ ಮಂಕಾಗಿ ಬಿದ್ದಿದ್ದರೆ. ನೀರು ತುಂಬಿದ ಬೊಕ್ಕೆ, ಕೀವು, ಜೇನು ಬಣ್ಣದ ಹಕ್ಕಳೆ ಕಂಡರೆ. ಗಾಜಿನ ಲೋಟವನ್ನು ಚರ್ಮಕ್ಕೆ ಒತ್ತಿ ನೋಡಿ: ಸಾಮಾನ್ಯ ಕೆಂಪು ಮಾಯವಾಗುತ್ತದೆ. ಒತ್ತಿದರೂ ಮಾಯವಾಗದ ಕೆಂಪು, ನೇರಳೆ ಚುಕ್ಕಿ ಇದ್ದರೆ ರಾತ್ರಿಯಾದರೂ ಗಾಡಿ ಮಾಡಿಕೊಂಡು ಮಡಿಕೇರಿಗೆ ಹೊರಡಿ. ಬಾಯಿ ಪಕ್ಕ ಜ್ವರದ ಗುಳ್ಳೆ ಎದ್ದವರು ಮಗುವಿಗೆ ಮುತ್ತು ಕೊಡಬಾರದು. ಇಸುಬು ಇರುವ ಚರ್ಮದಲ್ಲಿ ಆ ಸೋಂಕು ಬೇಗ ಹರಡುತ್ತದೆ.

ಇವೇನೂ ಇಲ್ಲದಿದ್ದರೆ ಒಂದು ವಾರ ಸ್ನಾನ, ಜೆಲ್ಲಿ, ಬಟ್ಟೆ ಈ ಮೂರನ್ನು ಸರಿ ಮಾಡಿ. ದಿನಾ ಬೆಳಿಗ್ಗೆ ಒಂದೇ ಕಿಟಕಿ ಹತ್ತಿರ, ಹಗಲು ಬೆಳಕಲ್ಲಿ ಕೆನ್ನೆಯ ಫೋಟೋ ತೆಗೆದಿಡಿ. ಇಲ್ಲಿ ಹಾಕುವುದು ಬೇಡ, ಡಾಕ್ಟರಿಗೆ ತೋರಿಸಲು. ವಾರದಲ್ಲಿ ಕಡಿಮೆ ಆಗದಿದ್ದರೆ, ಮಗು ತುರಿಕೆಗೆ ನಿದ್ದೆ ಬಿಟ್ಟರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಆ ಕ್ರೀಮಿನ ಟ್ಯೂಬನ್ನೂ, ಈಗ ಬಳಸುತ್ತಿರುವ ಸೋಪು, ಎಣ್ಣೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಅವತ್ತು ಬೆಳಿಗ್ಗೆ ಕೆನ್ನೆಗೆ ಏನೂ ಹಚ್ಚಬೇಡಿ.