ಹ್ಯಾರಿ ಲಾಡರ್‌ಗೆ ಒಂದು ಗಂಟೆಯ ರಂಗನಮನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಸ್ಕಾಟ್ಲೆಂಡಿನ ಮ್ಯೂಸಿಕ್ ಹಾಲ್ (ಹಾಡು-ಹಾಸ್ಯದ ರಂಜನೆಯ ರಂಗ) ಹಾಸ್ಯಗಾರ ಸರ್ ಹ್ಯಾರಿ ಲಾಡರ್ (1870–1950) ಹುಟ್ಟಿದ್ದು ಎಡಿನ್‌ಬರೋ ಬಳಿಯ ಪೋರ್ಟೊಬೆಲ್ಲೊದಲ್ಲಿ. ಹ್ಯಾಮಿಲ್ಟನ್‌ನ ಕಲ್ಲಿದ್ದಲ ಗಣಿಯಲ್ಲಿ ದುಡಿದು ರಂಗಕ್ಕೆ ಬಂದವರು. ಅವರ ನೆನಪಿಗೆ ಪ್ರದರ್ಶನ ಕಟ್ಟುತ್ತಿರುವ ಗ್ಲಾಸ್ಗೋದ ಹವ್ಯಾಸಿ ತಂಡವೊಂದರ ಕನ್ನಡಿಗ ಸದಸ್ಯರು ಈ ಪ್ರಶ್ನೆಗಳನ್ನು ಕಳಿಸಿದ್ದಾರೆ.

ಪ್ರಶ್ನೆ: ಲಾಡರ್ ಅವರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ ಹದಿನಾಲ್ಕು ಹಾಡು ಆರಿಸಿದ್ದೇವೆ. ಒಂದೊಂದೂ ಮೂರು ನಿಮಿಷ. ಒಂದು ಗಂಟೆಗೆ ಸರಿಹೋಗುವುದೇ?

ಉತ್ತರ: ಖಂಡಿತ ಇಲ್ಲ, ಆರು ಸಾಕು. ಮೂರು ನಿಮಿಷ ಎನ್ನುವುದು ಗ್ರಾಮಫೋನ್ ತಟ್ಟೆಯ ಅಳತೆ, ಹಾಡಿನದ್ದಲ್ಲ. ಹತ್ತಿಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದೇ ಅಷ್ಟು. ಅದಕ್ಕಾಗಿ ಚರಣಗಳ ನಡುವಿನ ಹರಟೆಯನ್ನು ಕತ್ತರಿಸುತ್ತಿದ್ದರು. ವೇದಿಕೆಯ ಮೇಲಾದರೆ ಆ ಹರಟೆಯೇ ಜೀವ. ನಡೆದು ಬರುವುದು, ಒಂದು ಚರಣ, ಪಲ್ಲವಿ, ಮಾತು, ನಗು, ಇನ್ನೊಂದು ಚರಣ, ಕೊನೆಗೆ ಸಭೆಯೆಲ್ಲ ಸೇರಿ ಪಲ್ಲವಿ: ಇಷ್ಟಕ್ಕೆ ಆರು ನಿಮಿಷ ಬೇಕೇ ಬೇಕು. ಆರು ಹಾಡಿಗೆ ಮೂವತ್ತಾರು ನಿಮಿಷ ಆಯಿತು. ನಿರೂಪಣೆಗೆ ಹದಿನೈದು ಇಡಿ. ಉಳಿದ ಒಂಬತ್ತನ್ನು ಮುಟ್ಟಬೇಡಿ, ಅದು ಚಪ್ಪಾಳೆಯ ಪಾಲು. ಖಾಲಿ ಕೋಣೆಯ ತಾಲೀಮಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಹರಟೆ ನಡೆಯುವಾಗ ಪಿಯಾನೋದವರು ಎರಡು ಬಾರ್‌ಗಳ (ತಾಳದ ಆವರ್ತಗಳ) ತುಣುಕನ್ನು ಮೆಲ್ಲಗೆ ತಿರುತಿರುಗಿ ನುಡಿಸುತ್ತಿರಬೇಕು. ಹರಟೆಯ ಉಳಿದ ಮಾತು ದಿನಕ್ಕೊಂದು ರೀತಿ ಇರಲಿ, ಕೊನೆಯ ವಾಕ್ಯ ಮಾತ್ರ ಅಕ್ಷರವೂ ಬದಲಾಗಬಾರದು. ಬದಲಾದರೆ ಪಿಯಾನೋ ತಡವಾಗುತ್ತದೆ, ಬಂದ ನಗುವೆಲ್ಲ ಸೋರಿಹೋಗುತ್ತದೆ. ನಗು ಏರುತ್ತಿರುವಾಗ ಬಾಯಿ ತೆರೆದರೆ ಮುಂದಿನ ಮಾತು ಯಾರಿಗೂ ಕೇಳದು. ಪೂರ್ತಿ ಅಡಗುವ ತನಕ ಕಾದರೆ ಸಭೆ ಆರಿಹೋಗುತ್ತದೆ. ಏರಿದ ನಗು ಅರ್ಧಕ್ಕೆ ಇಳಿದಾಗ ಶುರುಮಾಡಿ.

ಪ್ರಶ್ನೆ: ಮುದ್ರಿಕೆಯ ಶ್ರುತಿಯಲ್ಲೇ ಅಭ್ಯಾಸ ಮಾಡಿದರೆ ನಮ್ಮ ಗಾಯಕರ ಗಂಟಲು ಕಟ್ಟುತ್ತಿದೆ. ಏಕೆ?

ಉತ್ತರ: ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ವೇಗ ಶೇ 5.4ರಷ್ಟು ಹೆಚ್ಚಿ, ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಮೇಲೇರುತ್ತದೆ. ಮುದ್ರಿಕೆಯಿಂದ ನಗು, ಉಸಿರು, ಒತ್ತು ಕಲಿಯಿರಿ. ಶ್ರುತಿಯನ್ನು ನಿಮ್ಮವರ ಕಂಠ ನೋಡಿ ಇಟ್ಟುಕೊಳ್ಳಿ. ಸಭೆಯೂ ಹಾಡುವ ಪಲ್ಲವಿಯ ಅತಿ ಎತ್ತರದ ಸ್ವರ ಪಾಶ್ಚಾತ್ಯ ಸಂಗೀತದ ‘ಡಿ’ ದಾಟದಿರಲಿ. ದಾಟಿದರೆ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಲಾಡರ್ ವೇಷದ ಕಿಲ್ಟ್ (ಸ್ಕಾಟ್ ಗಂಡಸರ ನೆರಿಗೆಯ ಲಂಗ) ಮತ್ತು ಸೊಟ್ಟ ಊರುಗೋಲಿನ ವಿಷಯದಲ್ಲಿ ಏನು ಗಮನಿಸಬೇಕು?

ಉತ್ತರ: ಎಂಟು ಗಜ ಉಣ್ಣೆಬಟ್ಟೆಯ ಕಿಲ್ಟ್ ಎರಡು ಕಿಲೋ ಹತ್ತಿರ ತೂಗುತ್ತದೆ. ಆದ್ದರಿಂದ ಮೊದಲ ವಾರದಿಂದಲೇ ಉಟ್ಟು ಅಭ್ಯಾಸ ಮಾಡಿ. ನೆರಿಗೆ ಹಿಂದಕ್ಕೆ, ಮೇಲಿನ ಸೆರಗಿನ ಅಂಚು ಉಟ್ಟವರ ಬಲಕ್ಕೆ, ತುದಿ ಮಂಡಿಚಿಪ್ಪಿನ ನಡುವಿಗೆ ಬರಬೇಕು. ಪಿನ್ ಮೇಲಿನ ಪದರಕ್ಕೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದರೆ ಕೂತಾಗ ಬಟ್ಟೆ ಹರಿಯುತ್ತದೆ.

ಹೇಝಲ್ ಎಂಬ ಪೊದೆಗಿಡದ ತಿರುಚಿದ ಕೊಂಬೆಗಳ ಒಂದು ತಳಿಯನ್ನು ಇಂದಿಗೂ ‘ಹ್ಯಾರಿ ಲಾಡರ್ ಊರುಗೋಲು’ ಎಂದೇ ಕರೆಯುತ್ತಾರೆ. ಹಾಗೆಂದು ಅದನ್ನೇ ಕಡಿದು ತರಬೇಡಿ. ತೆಳ್ಳನೆಯ ಕೊಂಬೆ, ಭಾರ ಹಾಕಿದರೆ ಮುರಿಯುತ್ತದೆ. ಹೆಬ್ಬೆರಳಿಗಿಂತ ದಪ್ಪನಾದ, ಸಹಜವಾಗಿ ಬಾಗಿದ ಕೋಲು ಆರಿಸಿ ತುದಿಗೆ ರಬ್ಬರ್ ಟೋಪಿ ಹಾಕಿ. ಬಣ್ಣ ಬಳಿದ ಹಲಗೆಯ ಮೇಲೆ ಬರಿಯ ಮರ ಜಾರುತ್ತದೆ.

ಪ್ರಶ್ನೆ: ಸ್ಕಾಟ್ ಉಚ್ಚಾರಣೆ?

ಉತ್ತರ: ಲಾಡರ್ ಲಂಡನ್, ಅಮೆರಿಕಗಳ ಸಭೆಗೂ ತಿಳಿಯುವಂತೆ ಭಾಷೆಯನ್ನು ತಿಳಿಮಾಡಿಕೊಂಡಿದ್ದರು. ನೀವೂ ಅತಿಮಾಡಬೇಡಿ. ‘ಲಾಖ್’ (ಸರೋವರ), ‘ನಿಖ್ಟ್’ (ರಾತ್ರಿ) ಪದಗಳಲ್ಲಿ ‘ಖ್’ ಎಂದು ಬರೆದ ಧ್ವನಿ ನಮ್ಮ ಖಕಾರವಲ್ಲ. ಕಕಾರದ ಜಾಗದಲ್ಲಿ ನಾಲಿಗೆ ಅಂಗುಳಕ್ಕೆ ತಾಗದಂತೆ ಉಸಿರು ಉಜ್ಜಿಕೊಂಡು ಹೋಗಬೇಕು.

ಪ್ರಶ್ನೆ: ಹಾಡುಗಳಿಗೆ ಅನುಮತಿ ಬೇಕೇ?

ಉತ್ತರ: ಬ್ರಿಟನ್‌ನಲ್ಲಿ ಕೃತಿಕಾರ ತೀರಿಕೊಂಡ ವರ್ಷದಿಂದ 70 ವರ್ಷ ಕೃತಿಸ್ವಾಮ್ಯದ ಹಕ್ಕು ಉಳಿಯುತ್ತದೆ. ಲಾಡರ್ ಒಬ್ಬರೇ ಬರೆದವು, ಉದಾಹರಣೆಗೆ 1911ರ ‘ರೋಮಿನ್ ಇನ್ ದ ಗ್ಲೋಮಿನ್’, 2021ರ ಜನವರಿ 1ರಿಂದ ಮುಕ್ತ. ಜೊತೆಗಾರರಿದ್ದರೆ ಕೊನೆಯವರ ಸಾವಿನಿಂದ ಲೆಕ್ಕ. ‘ಕೀಪ್ ರೈಟ್ ಆನ್ ಟು ದ ಎಂಡ್ ಆಫ್ ದ ರೋಡ್’ ಹಾಡಿನ ಜೊತೆಗಾರ ವಿಲಿಯಂ ಡಿಲನ್ ತೀರಿದ್ದು 1966ರಲ್ಲಿ, ಆದ್ದರಿಂದ ಅದು 2036 ಮುಗಿಯುವವರೆಗೂ ಹಕ್ಕಿನಲ್ಲಿದೆ. ಕಥೆ ಹೆಣೆದ ಪ್ರದರ್ಶನದಲ್ಲಿ ಬಳಸುವುದಾದರೆ ರಂಗಮಂದಿರದ ಪರವಾನಗಿಯನ್ನೇ ನಂಬದೆ ಪ್ರಕಾಶಕರಿಗೆ ಬರೆಯಿರಿ.

ಪ್ರಶ್ನೆ: ಮಗ ಸತ್ತ ಸುದ್ದಿ ಬಂದ ರಾತ್ರಿಯೇ ಲಾಡರ್ ‘ಕೀಪ್ ರೈಟ್ ಆನ್’ ಹಾಡಿದಂತೆ ತೋರಿಸುವ ಆಸೆ. ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಒಬ್ಬನೇ ಮಗ ಕ್ಯಾಪ್ಟನ್ ಜಾನ್ ಫ್ರಾನ್ಸಿನ ಯುದ್ಧದಲ್ಲಿ ಮಡಿದದ್ದು 1916ರ ಡಿಸೆಂಬರ್ 28ರಂದು. ತಂದೆಗೆ ತಂತಿ ಬಂದದ್ದು ಹೊಸ ವರ್ಷದ ದಿನ. ಹಾಡು 1924ರದ್ದು. ತಂತಿ ಬಂದಾಗ ಲಂಡನ್‌ನಲ್ಲಿ ಅವರ ಪ್ರದರ್ಶನ ನಡೆಯುತ್ತಿತ್ತು, ಕೆಲವೇ ದಿನಗಳಲ್ಲಿ ಮತ್ತೆ ವೇದಿಕೆ ಹತ್ತಿದರು. 1917ರಲ್ಲಿ ಪುಟ್ಟ ಪಿಯಾನೋ ಹೊತ್ತು ಫ್ರಾನ್ಸಿಗೆ ಹೋಗಿ ಸೈನಿಕರಿಗೆ ಹಾಡಿದರು, ಮಗನ ಸಮಾಧಿಯನ್ನೂ ಕಂಡರು. ಇದ್ದದ್ದೇ ಇಷ್ಟು ಭಾರವಾಗಿರುವಾಗ ಕಟ್ಟುಕಥೆ ಯಾಕೆ? ಐದನೇ ಹಾಡಾದ ಮೇಲೆ ನಟ ಕೋಲನ್ನೂ ಟೋಪಿಯನ್ನೂ ಪಿಯಾನೋ ಮೇಲಿಡಲಿ. ನಿರೂಪಕರು ಈ ದಿನಾಂಕಗಳನ್ನು ಏರಿಳಿತವಿಲ್ಲದೆ ಓದಲಿ. ನಾಲ್ಕು ಸೆಕೆಂಡು ಮೌನ, ಆಮೇಲೆ ಪಿಯಾನೋ. ಮೊದಲ ಪಲ್ಲವಿಯನ್ನು ನಟ ಒಬ್ಬನೇ ಹಾಡಲಿ. ಎರಡನೆಯದಕ್ಕೆ ಜನರನ್ನು ಕೈಬೀಸಿ ಕರೆಯುವುದು ಬೇಡ, ಸಭಾಂಗಣದ ದೀಪವನ್ನು ಕಾಲುಭಾಗ ಏರಿಸಿ.