ವೇಲ್ಸ್‌ನವರು ಮೊದಲಿಂದಲೂ ಹಾಗೇನಾ?

ಪ್ರಶ್ನೆ: ಕಸ ಬೇರ್ಪಡಿಸೋದು ವಿದೇಶದವರ ರಕ್ತದಲ್ಲೇ ಇದೆ, ನಮ್ಮಿಂದಾಗಲ್ಲ ಅಂತಾರೆ ನಮ್ಮ ಯಜಮಾನರು. ನಿಜವೇ?
– ಓದುಗರು, ತಿಪಟೂರು

ಉತ್ತರ: ರಕ್ತವೂ ಇಲ್ಲ, ಗಿಕ್ತವೂ ಇಲ್ಲ ಅನ್ನಿ ಅವರಿಗೆ. ಬ್ರಿಟನ್ನಿನ ಒಂದು ಭಾಗವಾದ ವೇಲ್ಸನ್ನೇ ನೋಡಿ. 1998-99ರಲ್ಲಿ ಅಲ್ಲಿನ ಊರ ಕಸದಲ್ಲಿ ಮರುಬಳಕೆಗೂ ಗೊಬ್ಬರಕ್ಕೂ ಹೋಗುತ್ತಿದ್ದದ್ದು ನೂರಕ್ಕೆ ಸುಮಾರು 5 ಪಾಲು ಮಾತ್ರ. ಈಗ 65 ದಾಟಿದೆ. ಪಕ್ಕದ ಇಂಗ್ಲೆಂಡ್ ಹತ್ತು ವರ್ಷದಿಂದ 44ರ ಆಸುಪಾಸಿನಲ್ಲೇ ಕೂತಿದೆ. ಮಳೆ ಒಂದೇ, ಚಹಾ ಒಂದೇ, ಲೆಕ್ಕ ಮಾತ್ರ ಬೇರೆ ಅಲ್ವಾ!

ವೇಲ್ಸ್ 2010ರಲ್ಲಿ ಕಾನೂನು ತಂದಿತು. ಗುರಿ ಮುಟ್ಟದ ಸ್ಥಳೀಯ ಆಡಳಿತಕ್ಕೆ ದಂಡ ಹಾಕಬಹುದು. 2024-25ಕ್ಕೆ ಇಟ್ಟ ಗುರಿ 70.

ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ ಮಗಳ ಮನೇಲಿ ಒಂದು ತಿಂಗಳಿದ್ದೆ. ಸಿಂಕಿನ ಪಕ್ಕ ಪುಟ್ಟ ಡಬ್ಬ. ಬಾಳೆಹಣ್ಣಿನ ಸಿಪ್ಪೆ, ಟೀ ಚರಟ, ಹಳಸಿದ ಅನ್ನ ಎಲ್ಲ ಅದಕ್ಕೆ. ಪ್ರತಿ ವಾರ ಲಾರಿ ಒಯ್ಯುತ್ತದೆ, ಅದರಿಂದ ಗ್ಯಾಸ್ ಮಾಡಿ ಕರೆಂಟ್ ತೆಗೆಯುತ್ತಾರೆ. ಮಿಕ್ಕ ಕಸದ ಚೀಲಕ್ಕೆ ಮಾತ್ರ ಎರಡು ವಾರ, ಕೆಲವು ಊರಲ್ಲಿ ಮೂರು ವಾರ ಕಾಯಬೇಕು. ಗುಟ್ಟು ಇರೋದೇ ಅಲ್ಲಿ. ಗಡಿಬಿಡೀಲಿ ನಾನೊಮ್ಮೆ ಮೀನಿನ ಮುಳ್ಳನ್ನು ಆ ಚೀಲಕ್ಕೆ ಹಾಕಿಬಿಟ್ಟೆ. ನಾಲ್ಕನೇ ದಿನ ಮಗಳು ನನ್ನ ಕೈಗೆ ಗ್ಲೌಸ್ ಕೊಟ್ಟು, "ಅಮ್ಮಾ, ನೀನೇ ಹುಡುಕಿ ತೆಗಿ" ಅಂದಳು.