ಒಮಾಹಾ ಹೈ-ಲೋ ಆಟದಲ್ಲಿ ಎಕ್ಕ-ಎರಡು ಹಿಡಿದು ಲೋ ಗೆದ್ದರೂ ಚಿಪ್‌ಗಳು ಕಡಿಮೆಯಾಗುವುದೇಕೆ?

ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟವನ್ನು ಚೆನ್ನಾಗಿ ಬಲ್ಲ ನೀವು ಮೊದಲ ಸಲ ಅದೇ ಬಗೆಯ ಒಮಾಹಾ ಹೈ-ಲೋ ಆಡಿದಿರಿ, ಅತ್ಯುತ್ತಮ ಲೋ (ಚಿಕ್ಕ ಎಲೆಗಳ ಕೈ) ತೋರಿಸಿಯೂ ಹಾಕಿದ್ದಕ್ಕಿಂತ ಕಡಿಮೆ ಚಿಪ್ ವಾಪಸ್ ಬಂತು ಎಂದು ಬರೆದಿದ್ದೀರಿ. ಪಾಟ್ (ಎಲ್ಲರೂ ಹಾಕಿದ ಚಿಪ್‌ಗಳ ರಾಶಿ) ಹಂಚುವಾಗ ಉಳಿಯುವ ಬೆಸ ಚಿಪ್ ಯಾರಿಗೆ ಎಂದೂ ಕೇಳಿದ್ದೀರಿ. ನಿಮ್ಮ ಮೇಜಿನಲ್ಲಿ ಹಂಚಿಕೆ ತಪ್ಪಾಗಿರಲಾರದು. ಹಣವಿಲ್ಲದೆ, ಬರೀ ಚಿಪ್‌ಗಳನ್ನಿಟ್ಟು ಸ್ನೇಹಿತರೊಂದಿಗೆ ಆಡುವಾಗ ನನಗೂ ಇದೇ ಆಗಿತ್ತು.

ಬೆಟ್ಟಿನ ಸುತ್ತುಗಳು, ಎಲ್ಲರಿಗೂ ಸೇರಿ ಮೇಜಿಗೆ ಬೀಳುವ ಐದು ಎಲೆಗಳು (ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್) ಎಲ್ಲವೂ ನಿಮಗೆ ಗೊತ್ತಿರುವಂತೆಯೇ. ಆದರೆ ಕೈಗೆ ನಾಲ್ಕು ಎಲೆ ಬರುತ್ತವೆ, ಪಾಟಿನ ಅರ್ಧ ದೊಡ್ಡ ಕೈಗೂ (ಹೈ) ಇನ್ನರ್ಧ ಚಿಕ್ಕ ಕೈಗೂ (ಲೋ) ಹೋಗುತ್ತದೆ. ಹೋಲ್ಡೆಮ್‌ನಿಂದ ಬಂದವರೆಲ್ಲ ಎಡವುವುದು ಒಂದೇ ಕಡೆ: ಕೈಯಿಂದ ಎರಡೇ ಎಲೆ, ಮೇಜಿನಿಂದ ಮೂರೇ ಎಲೆ ಬಳಸಬೇಕು. ಮೇಜಿನ ಮೇಲೆ ನಾಲ್ಕು ಇಸ್ಪೀಟು ಬಿದ್ದು, ನಿಮ್ಮ ಕೈಯಲ್ಲಿ ಇಸ್ಪೀಟಿನ ಎಕ್ಕ ಒಂಟಿಯಾಗಿದ್ದರೆ ಅದು ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವುದಿಲ್ಲ. ಹೈಗೆ ಕೈಯ ಎರಡು ಎಲೆ, ಲೋಗೆ ಬೇರೆ ಎರಡು ಎಲೆ ಬಳಸಲು ಮಾತ್ರ ಅಡ್ಡಿಯಿಲ್ಲ.

ಲೋ ಆಗಬೇಕಾದರೆ ಐದು ಬೇರೆಬೇರೆ ಅಂಕಿಯ ಎಲೆಗಳು ಬೇಕು, ಎಲ್ಲವೂ ಎಂಟು ಅಥವಾ ಅದಕ್ಕಿಂತ ಕೆಳಗಿರಬೇಕು. ಎಕ್ಕವನ್ನು ಒಂದು ಎಂದು ಎಣಿಸುತ್ತಾರೆ. ಸ್ಟ್ರೇಟ್ (ಸಾಲಾಗಿ ಬರುವ ಐದು ಎಲೆ), ಫ್ಲಶ್‌ಗಳು ಲೋಗೆ ಅಡ್ಡಬರುವುದಿಲ್ಲವಾದ್ದರಿಂದ ಎಕ್ಕ-2-3-4-5 ಎಲ್ಲಕ್ಕಿಂತ ಒಳ್ಳೆಯ ಲೋ. ಹೋಲಿಸುವುದು ದೊಡ್ಡ ಎಲೆಯಿಂದ ಕೆಳಕ್ಕೆ: 7-5-4-2-ಎಕ್ಕ ಎದುರು 7-6-3-2-ಎಕ್ಕ ಸೋಲುತ್ತದೆ. ಎಂಟರೊಳಗಿನ ಮೂರು ಬೇರೆಬೇರೆ ಎಲೆ ಮೇಜಿಗೆ ಬೀಳದಿದ್ದರೆ ಯಾರಿಗೂ ಲೋ ಇಲ್ಲ, ಇಡೀ ಪಾಟ್ ಹೈ ಗೆದ್ದವರದು.

ನಿಮ್ಮ ಕೈಯಲ್ಲಿ ಇಸ್ಪೀಟಿನ ಎಕ್ಕ, ಇಸ್ಪೀಟಿನ ರಾಜ, ಆಟೀನಿನ 2, ಕಳಾವರ್ 4 ಇವೆ ಎಂದುಕೊಳ್ಳಿ. ಮೇಜಿನ ಮೇಲೆ ಇಸ್ಪೀಟಿನ 3, 7, 9, ಜೊತೆಗೆ ಆಟೀನಿನ 8, ಕೊನೆಗೆ ಡೈಮನ್ ರಾಣಿ. ಎಕ್ಕ-ರಾಜ ಸೇರಿ ಅತಿ ದೊಡ್ಡ ಫ್ಲಶ್, ಎಕ್ಕ-2 ಸೇರಿ 8-7-3-2-ಎಕ್ಕ ಎಂಬ ಅತ್ಯುತ್ತಮ ಲೋ. ಎರಡೂ ಪಾಲು ನಿಮ್ಮದಾಗಬಹುದು. ಈಗ ರಾಣಿಯ ಬದಲು ಡೈಮನ್ 2 ಬಿತ್ತೆನ್ನಿ. ಮೇಜಿನಲ್ಲೂ 2 ಇರುವುದರಿಂದ ನಿಮ್ಮ ಕೈಯ 2 ಬೆಲೆ ಕಳೆದುಕೊಂಡಿತು, ಆದರೆ ಎಕ್ಕ-4 ಬಳಸಿ 7-4-3-2-ಎಕ್ಕ ಕಟ್ಟುತ್ತೀರಿ, ಅದೇ ಈಗ ಅತ್ಯುತ್ತಮ ಲೋ. ಆ ನಾಲ್ಕರ ಜಾಗದಲ್ಲಿ ಗುಲಾಮ ಇದ್ದಿದ್ದರೆ 8-7ರಲ್ಲೇ ಉಳಿಯುತ್ತಿದ್ದಿರಿ. ಆದ್ದರಿಂದಲೇ ಎಕ್ಕ-2ರ ಜೊತೆ ಮೂರನೆಯದೊಂದು ಸಣ್ಣ ಎಲೆ ಇರಲೇಬೇಕೆಂದು ನಾನು ಹಟ ಹಿಡಿಯುತ್ತೇನೆ.

ನಿಮ್ಮ ನಷ್ಟದ ಲೆಕ್ಕ ಹೀಗಿರಬೇಕು. ಮೂವರು ತಲಾ 400 ಚಿಪ್ ಹಾಕಿದ್ದೀರಿ, ಪಾಟ್ 1200. ಹೈ ಗೆದ್ದವರಿಗೆ 600. ಇನ್ನೊಬ್ಬರ ಕೈಯಲ್ಲೂ ಎಕ್ಕ-2 ಇದ್ದು ಲೋ ಸಮವಾದರೆ ಉಳಿದ 600 ನಿಮ್ಮಿಬ್ಬರಿಗೆ ಹಂಚಿ, ತಲಾ 300. ಅತ್ಯುತ್ತಮ ಲೋ ಹಿಡಿದೂ 100 ಕಳೆದುಕೊಂಡಿರಿ! ನಾಲ್ಕು ಎಲೆಯ ಆಟದಲ್ಲಿ ಎಲ್ಲರೂ ಎಕ್ಕ-2 ಬಿಡದೆ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಇದು ಪದೇಪದೇ ಆಗುತ್ತದೆ. ಎದುರಾಳಿ ಒಬ್ಬರೇ ಇದ್ದು, ಲೋ ಸಮವಾಗಿ, ಹೈ ಅವರದಾದರೆ ನಿಮಗೆ ಸಿಗುವುದು ಪಾಟಿನ ಕಾಲು ಭಾಗ ಮಾತ್ರ. ಬರೀ ಲೋ ನಂಬಿಕೊಂಡು ಬೆಟ್ ಏರಿಸುವುದನ್ನು ದಯವಿಟ್ಟು ಬಿಡಿ. ಹೈಗೂ ದಾರಿಯಿರುವ ಕೈಗಳನ್ನೇ ಆರಿಸಿ: ಎಕ್ಕದ ಜೊತೆ ಅದೇ ಜಾತಿಯ ಇನ್ನೊಂದು ಎಲೆ, ಅಥವಾ ಎರಡು ಎಕ್ಕ. 9-9-8-7 ತರಹದ ನಡುವಿನ ಎಲೆಗಳು ನೋಡಲು ಚೆನ್ನ, ಆದರೆ ಅವು ಸ್ಟ್ರೇಟ್ ಕಟ್ಟುವ ಹೊತ್ತಿಗೆ ಮೇಜಿನಲ್ಲಿ ಸಣ್ಣ ಎಲೆಗಳು ಬಿದ್ದು ಅರ್ಧ ಪಾಟ್ ಬೇರೆಯವರಿಗೆ ಹೋಗಿರುತ್ತದೆ. ನಾನು ಅವನ್ನು ಮೊದಲೇ ಕೆಳಗಿಡುತ್ತೇನೆ.

ಪಾಟ್ ಸರಿಭಾಗವಾಗದೆ ಒಂದು ಚಿಪ್ ಉಳಿದರೆ ಅದು ಹೈ ಗೆದ್ದವರಿಗೆ ಸೇರುತ್ತದೆ.